ಸ್ಟೆಪ್ನಿಯನ್ನು ಬೈದು ಏನು ಪ್ರಯೋಜನ?

ಗಾಡಿ ಪಂಕ್ಚರ್ ಆಯಿತು. ಸ್ಟೆಪ್ನಿ ಇಳಿಸಿ ನೋಡಿದರೆ ಅದರಲ್ಲೂ ಗಾಳಿ ಇಲ್ಲ. ಈಗ ಯಾರನ್ನು ಬೈಯಬೇಕು? ಸ್ಟೆಪ್ನಿಯನ್ನೋ, ಗಾಳಿ ಹಿಡಿಸದೆ ಗಾಡಿ ಹೊರಡಿಸಿದವನನ್ನೋ? ಯಾವ ಟೆಂಪೊ ಡ್ರೈವರನ್ನು ಕೇಳಿದರೂ ಅರೆಗಳಿಗೆಯಲ್ಲಿ ಉತ್ತರ ಹೇಳುತ್ತಾನೆ. ಆದರೆ ಅಮೆರಿಕದಲ್ಲಿ ಕೋಟಿಗಟ್ಟಲೆ ಡಾಲರ್ ಸುರಿದು ಫುಟ್‌ಬಾಲ್ ತಂಡ ಕಟ್ಟುವವರಿಗೆ, ಅದರ ಬಗ್ಗೆ ಟಿ.ವಿ.ಯಲ್ಲಿ ಕೂತು ಗಂಟೆಗಟ್ಟಲೆ ಕೊರೆಯುವವರಿಗೆ ಈ ಉತ್ತರ ಇನ್ನೂ ಹೊಳೆದಿಲ್ಲ. ಅವರು ಇವತ್ತಿಗೂ ಸ್ಟೆಪ್ನಿಯನ್ನೇ ಬೈಯುತ್ತಿದ್ದಾರೆ.

ನ್ಯೂಯಾರ್ಕ್ ಜೆಟ್ಸ್ ತಂಡದ 2023ರ ಕತೆ ಹೇಳುತ್ತಿದ್ದೇನೆ. ಮೊಬೈಲಿನಲ್ಲಿ ರೀಲ್ಸ್ ನೋಡುವ ಹುಡುಗರಲ್ಲಿ ಕೆಲವರಿಗಾದರೂ ಆ ದೃಶ್ಯ ಕಂಡಿರುತ್ತದೆ: ಗಡ್ಡದ ಆಟಗಾರನೊಬ್ಬ ಕೈಯಲ್ಲಿ ಅಮೆರಿಕದ ಬಾವುಟ ಹಿಡಿದು ಮೈದಾನಕ್ಕೆ ಓಡಿ ಬರುತ್ತಾನೆ, ಸ್ಟೇಡಿಯಂ ಪೂರಾ ಹುಚ್ಚೆದ್ದು ಕೂಗುತ್ತದೆ. ಸ್ವಲ್ಪ ಹೊತ್ತಿಗೆಲ್ಲ ಅವನು ಹುಲ್ಲಿನ ಮೇಲೆ ಕುಕ್ಕರಿಸಿ ಕೂತಿರುತ್ತಾನೆ. ಅವನು ಆ್ಯರನ್ ರಾಜರ್ಸ್.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಲ್ಲಿನ ಫುಟ್‌ಬಾಲ್ ಅಂದರೆ ನಮ್ಮ ಹೈಸ್ಕೂಲ್ ಮೈದಾನದಲ್ಲಿ ಕಾಲಲ್ಲಿ ಒದೆಯುವ ಆಟವಲ್ಲ. ಹೆಸರಿನಲ್ಲಷ್ಟೇ ಕಾಲು, ಚೆಂಡು ಬಹುಪಾಲು ಇರುವುದು ಕೈಯಲ್ಲಿ. ಮೊಟ್ಟೆಯಂಥ ಚೆಂಡು, ತಲೆಗೆ ಹೆಲ್ಮೆಟ್, ಭುಜಕ್ಕೆ ಪ್ಯಾಡ್, ಒಂದೊಂದು ಕಡೆಗೆ 11 ಜನ. ಚೆಂಡು ಎದ್ದು ಮತ್ತೆ ನೆಲಕ್ಕೆ ಬಿದ್ದು ನಿಲ್ಲುವವರೆಗಿನ ಒಂದು ಸುತ್ತನ್ನು ‘ಪ್ಲೇ’ ಅನ್ನುತ್ತಾರೆ. ನಾಲ್ಕು ಪ್ಲೇ ಒಳಗೆ 10 ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಯ ಪಾಲು. ಪ್ರತಿ ಪ್ಲೇಯಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಎಂಬುವನ ಕೈಗೆ. ಎದುರಿನಿಂದ ಒಂದೊಂದು ಕ್ವಿಂಟಲ್‌ಗಿಂತ ಹೆಚ್ಚು ತೂಕದ ದಾಂಡಿಗರು ನುಗ್ಗಿ ಬರುತ್ತಿರುವಾಗ, ಎರಡು ಮೂರು ಸೆಕೆಂಡಿನೊಳಗೆ, ಯಾರಿಗೆ ಎಸೆಯಬೇಕು ಎಂದು ಅವನು ತೀರ್ಮಾನಿಸಬೇಕು. ಕಬಡ್ಡಿಯ ರೇಡರ್, ಕ್ರಿಕೆಟ್ಟಿನ ಕ್ಯಾಪ್ಟನ್ ಇಬ್ಬರ ಕೆಲಸವೂ ಒಬ್ಬನ ತಲೆ ಮೇಲೆ ಬಿದ್ದ ಹಾಗೆ. ಆ ಒಬ್ಬನಿಗೆ ಪೆಟ್ಟಾದರೆ ಒಳಗೆ ಬರುವವನೇ ಬ್ಯಾಕಪ್ ಕ್ವಾರ್ಟರ್‌ಬ್ಯಾಕ್.

2023ರ ಸೆಪ್ಟೆಂಬರ್ 11ರ ರಾತ್ರಿ ಬಫಲೊ ಬಿಲ್ಸ್ ವಿರುದ್ಧ ಜೆಟ್ಸ್‌ನ ಮೊದಲ ಪಂದ್ಯ. ನಮ್ಮಲ್ಲಿ ಆಗ ಮಂಗಳವಾರ ಬೆಳಗಿನ ಜಾವ, ಡೈರಿಗೆ ಹಾಲು ಹಾಕುವ ಹೊತ್ತು. ರಾಜರ್ಸ್ ಆಡಿದ್ದು ನಾಲ್ಕೇ ಪ್ಲೇ. ನಾಲ್ಕನೆಯದರಲ್ಲಿ ಲೆನಾರ್ಡ್ ಫ್ಲಾಯ್ಡ್ ಬಂದು ಕೆಡವಿದ. ರಾಜರ್ಸ್‌ನ ಎಡಗಾಲಿನ ಹಿಮ್ಮಡಿ ನರ ಹರಿದಿತ್ತು. ಅವನಿಗಾಗ 39 ವರ್ಷ. ಆ ವರ್ಷ ಅವನ ಆಟ ಅಲ್ಲಿಗೆ ಮುಗಿಯಿತು.

ಒಳಗೆ ಬಂದವನು ಜ್ಯಾಕ್ ವಿಲ್ಸನ್, 24ರ ಹುಡುಗ. ಆ ರಾತ್ರಿ ಜೆಟ್ಸ್ 22-16ರಿಂದ ಗೆದ್ದಿತು. ಆಮೇಲೆ ಸೋಲಿನ ಸರಮಾಲೆ ಶುರುವಾಯಿತು. ಅದರ ಜತೆಗೇ ಬೈಗುಳವೂ ಶುರುವಾಯಿತು.

ಬೈದವರಲ್ಲಿ ಸಣ್ಣವರು ದೊಡ್ಡವರು ಎಂಬ ಭೇದವಿರಲಿಲ್ಲ. ಜೆಟ್ಸ್ ತನ್ನ ಚರಿತ್ರೆಯಲ್ಲಿ ಗೆದ್ದಿರುವುದು ಒಂದೇ ಒಂದು ಸೂಪರ್ ಬೌಲ್, 1969ರ ಜನವರಿಯಲ್ಲಿ. ಅದನ್ನು ಗೆದ್ದುಕೊಟ್ಟ ಕ್ವಾರ್ಟರ್‌ಬ್ಯಾಕ್ ಜೋ ನೇಮತ್. ಸೆಪ್ಟೆಂಬರ್ 24ರಂದು ನ್ಯೂ ಇಂಗ್ಲೆಂಡ್ ಎದುರು 15-10ರಿಂದ ಸೋತ ಮೇಲೆ ಆ ಹಿರಿಯರೇ ರೇಡಿಯೊದಲ್ಲಿ ಕೂತು, ಈ ಹುಡುಗನನ್ನು ಮೊದಲು ಸಾಗಹಾಕಿ ಎಂದರು. ಊರ ಹಿರಿಯರು ಪಂಚಾಯಿತಿ ಕಟ್ಟೆಯಲ್ಲಿ ಕೂತು ಒಬ್ಬನ ಹೆಸರು ಹಿಡಿದು ಹೀಗಂದರೆ ಮಿಕ್ಕವರು ಸುಮ್ಮನಿರುತ್ತಾರೆಯೇ? ಸ್ಟೇಡಿಯಮ್ಮಿನಲ್ಲಿ ಬೂ ಎಂಬ ಕೂಗು ನಿಲ್ಲಲೇ ಇಲ್ಲ.

ವಿಲ್ಸನ್ ಚೆನ್ನಾಗಿ ಆಡಲಿಲ್ಲ. ಅದನ್ನು ನಾನು ಮುಚ್ಚಿಡುವುದಿಲ್ಲ. ತೆರೆದು ನಿಂತ ಜತೆಗಾರ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ, ಚೆಂಡನ್ನು ಬೇಗ ಬಿಡುತ್ತಿರಲಿಲ್ಲ. ಹಿಂದಿನ ವರ್ಷ, 2022ರ ನವೆಂಬರಿನಲ್ಲಿ, ತಂಡ ಬರೀ 3 ಪಾಯಿಂಟ್ ಗಳಿಸಿ ಸೋತ ದಿನ, ನಿಮ್ಮ ಆಟದಿಂದ ಡಿಫೆನ್ಸ್‌ನವರಿಗೆ ಅನ್ಯಾಯ ಆಯಿತಾ ಎಂದು ಪತ್ರಕರ್ತರು ಕೇಳಿದರೆ ‘ಇಲ್ಲ’ ಎಂದು ಎದ್ದು ಹೋಗಿದ್ದ. ಅದು ದುರಹಂಕಾರವೇ. ಮತ್ತೆ, ಇವನು ಅನ್ನಕ್ಕಿಲ್ಲದ ಬಡಪಾಯಿಯೂ ಅಲ್ಲ. 2021ರ ಡ್ರಾಫ್ಟಿನಲ್ಲಿ, ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುವ ವ್ಯವಸ್ಥೆಯಲ್ಲಿ, ಎರಡನೆಯವನಾಗಿ ಆಯ್ಕೆಯಾದ. ನಾಲ್ಕು ವರ್ಷಕ್ಕೆ ಸುಮಾರು 3.5 ಕೋಟಿ ಡಾಲರ್ ಒಪ್ಪಂದ. ಕಣ್ಣೀರು ಹಾಕುವುದೇನೂ ಬೇಡ.

ನನ್ನ ತಕರಾರು ಬೇರೆ. ಇವನು ಹೀಗೇ ಆಡುತ್ತಾನೆಂದು ಆ ತಂಡದಲ್ಲಿ ಗೊತ್ತಿಲ್ಲದವರು ಯಾರಿದ್ದರು? 2022ರಲ್ಲಿ ಇವನನ್ನು ಬೆಂಚಿಗೆ ಕೂರಿಸಿದ್ದು ಇದೇ ಕೋಚ್ ರಾಬರ್ಟ್ ಸಾಲೆಹ್. ಇವನಿಂದ ಆಗುವುದಿಲ್ಲ ಅಂತಲೇ ಗ್ರೀನ್ ಬೇ ತಂಡದಿಂದ ರಾಜರ್ಸ್‌ನನ್ನು ತಂದದ್ದು ಇದೇ ಜನರಲ್ ಮ್ಯಾನೇಜರ್ ಜೋ ಡಗ್ಲಸ್. ದುಡ್ಡು ಬಿಚ್ಚಿದ್ದು ಇದೇ ಮಾಲೀಕ ವುಡಿ ಜಾನ್ಸನ್. ಮೂವರೂ ಸೇರಿ ‘ಈ ಹುಡುಗ ಕೆಲಸಕ್ಕೆ ಬಾರದವನು’ ಎಂದು ದಾಖಲೆ ಸಮೇತ ಹೇಳಿದ ಮೇಲೆ, 39 ವರ್ಷದವನ ಹಿಂದೆ ಬ್ಯಾಕಪ್ ಎಂದು ನಿಲ್ಲಿಸಿದ್ದು ಯಾರನ್ನು? ಅದೇ ಹುಡುಗನನ್ನು. ಅವನ ಹಿಂದೆ ಯಾರಿದ್ದರು? ಅಭ್ಯಾಸ ತಂಡದ ಪಟ್ಟಿಯಲ್ಲಿದ್ದ ಟಿಮ್ ಬಾಯ್ಲ್. ಅಷ್ಟೇ.

ದುಡ್ಡಿರಲಿಲ್ಲವೇ? ಇತ್ತು. ಅದು ಎಲ್ಲಿಗೆ ಹೋಯಿತು ನೋಡಿ. ರಾಜರ್ಸ್‌ಗೆ ಎರಡು ವರ್ಷಕ್ಕೆ 7.5 ಕೋಟಿ ಡಾಲರ್. ಅದು ಸರಿ, ಅವನು ನಾಲ್ಕು ಸಲ ಲೀಗಿನ ಅತ್ಯುತ್ತಮ ಆಟಗಾರ ಎನ್ನಿಸಿಕೊಂಡವನು. ಗ್ರೀನ್ ಬೇನಲ್ಲಿ ಅವನ ಜತೆ ಆಡಿದ್ದ ಆ್ಯಲನ್ ಲಜಾರ್ಡ್‌ಗೆ ನಾಲ್ಕು ವರ್ಷಕ್ಕೆ 4.4 ಕೋಟಿ. ಲಜಾರ್ಡ್ ಆ ವರ್ಷ ಹಿಡಿದದ್ದು 23 ಚೆಂಡು. ಗ್ರೀನ್ ಬೇನ ಇನ್ನೊಬ್ಬ ಗೆಳೆಯ ರ‍್ಯಾಂಡಲ್ ಕಾಬ್ ಬಂದ. ಇಡೀ ವರ್ಷಕ್ಕೆ 5 ಚೆಂಡು ಹಿಡಿದ. ಗ್ರೀನ್ ಬೇನಲ್ಲಿ ರಾಜರ್ಸ್‌ಗೆ ಇಷ್ಟವಾಗಿದ್ದ ಕೋಚ್ ನೆಥಾನಿಯಲ್ ಹ್ಯಾಕೆಟ್ ಆಕ್ರಮಣದ ಉಸ್ತುವಾರಿಗೆ ಬಂದರು. ಅವರನ್ನು ಡೆನ್ವರ್ ತಂಡ ಹಿಂದಿನ ವರ್ಷವಷ್ಟೇ ಮುಖ್ಯ ಕೋಚ್ ಹುದ್ದೆಯಿಂದ ಒಂದು ಸೀಸನ್ ಕೂಡ ಮುಗಿಯುವ ಮುಂಚೆ ತೆಗೆದುಹಾಕಿತ್ತು. ಈ ಟಿಮ್ ಬಾಯ್ಲ್ ಕೂಡ ಗ್ರೀನ್ ಬೇನಲ್ಲಿ ರಾಜರ್ಸ್‌ನ ಹಿಂದೆ ಬೆಂಚಿನಲ್ಲಿದ್ದವನೇ. ಮದುವೆ ದಿಬ್ಬಣದ ಹಾಗೆ ಗಂಡಿನ ಕಡೆಯವರೆಲ್ಲ ಬಂದಿಳಿದರು. ಗಂಡು ಎಡವಿ ಬಿದ್ದರೆ ಏನು ಗತಿ ಎಂದು ಕೇಳುವವರು ಮಾತ್ರ ಆ ಚಪ್ಪರದಲ್ಲಿ ಇರಲಿಲ್ಲ.

ಈಗ ಬ್ಯಾಕಪ್‌ನ ಬದುಕು ಹೇಗಿರುತ್ತದೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬೈಯುವವರಿಗೆ ಗೊತ್ತಿಲ್ಲದ, ಅಥವಾ ಗೊತ್ತಿದ್ದೂ ಮಾತಾಡದ ಭಾಗ ಇದು.

ಪಂದ್ಯ ವಾರಕ್ಕೊಂದು. ನಡುವಿನ ದಿನಗಳಲ್ಲಿ ಅಭ್ಯಾಸ. ಆ ಅಭ್ಯಾಸದಲ್ಲಿ ಮುಖ್ಯ ತಂಡದ ಜತೆ ಚೆಂಡು ಹಿಡಿಯುವುದು ಬಹುತೇಕ ಮೊದಲ ಕ್ವಾರ್ಟರ್‌ಬ್ಯಾಕ್ ಒಬ್ಬನೇ. ಬ್ಯಾಕಪ್ ಏನು ಮಾಡುತ್ತಾನೆ? ಮುಂದಿನ ವಾರ ಎದುರಾಗುವ ತಂಡದ ಕ್ವಾರ್ಟರ್‌ಬ್ಯಾಕ್‌ನ ಹಾಗೆ ನಟಿಸುತ್ತಾನೆ. ಎದುರಾಳಿಯ ಪ್ಲೇಗಳನ್ನು ಕಾರ್ಡಿನ ಮೇಲೆ ಬರೆದು ಕೊಡುತ್ತಾರೆ. ಅದನ್ನು ನೋಡಿಕೊಂಡು ತನ್ನದೇ ತಂಡದ ಡಿಫೆನ್ಸಿಗೆ ತಾಲೀಮು ಕೊಡುವುದು ಅವನ ಕೆಲಸ. ಅಂದರೆ ವಾರಪೂರ್ತಿ ಇನ್ನೊಂದು ಕಂಪನಿಯ ನಾಟಕದ ಪಾತ್ರ ಅಭ್ಯಾಸ ಮಾಡಿದವನನ್ನು, ಪ್ರದರ್ಶನದ ದಿನ ಮುಖ್ಯ ಪಾತ್ರಧಾರಿಗೆ ಹುಷಾರಿಲ್ಲ ಎಂದು ಇವರ ನಾಟಕದ ರಂಗಕ್ಕೆ ತಳ್ಳುತ್ತಾರೆ. ಮಾತು ತಪ್ಪಿದರೆ ಚಪ್ಪಲಿ ತೂರುತ್ತಾರೆ.

2011ರಲ್ಲಿ ಆಟಗಾರರ ಸಂಘ ಮತ್ತು ಮಾಲೀಕರ ನಡುವೆ ಆದ ಒಪ್ಪಂದದ ಮೇಲೆ ಪ್ಯಾಡ್ ಕಟ್ಟಿ ಮಾಡುವ ಅಭ್ಯಾಸಗಳಿಗೂ ಮಿತಿ ಬಂತು: ಸೀಸನ್ ಪೂರ್ತಿ 14. ಆಟಗಾರರ ಮೈ ಉಳಿಯಲು ಇದು ಬೇಕಿತ್ತು, ತಪ್ಪೆನ್ನುವುದಿಲ್ಲ. ಆದರೆ ಇರುವ ಸಮಯವೇ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಬ್ಯಾಕಪ್‌ನ ಪಾಲಿಗೆ.

ಮೈದಾನದಲ್ಲಿ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನೊಳಗೆ ಸಣ್ಣ ಸ್ಪೀಕರ್ ಇರುತ್ತದೆ. ಕೋಚ್ ಹೇಳಿದ್ದು ಕೇಳುತ್ತದೆ. ಆದರೆ ಪ್ಲೇ ಶುರು ಮಾಡಬೇಕಾದ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ದನಿ ತಾನಾಗಿಯೇ ಕಟ್ ಆಗುತ್ತದೆ. ಆಮೇಲೆ ಅವನು ಒಂಟಿ. ಎದುರಾಳಿಗಳು ನಿಂತ ಬಗೆ ನೋಡಿ ಕೊನೇ ಗಳಿಗೆಯಲ್ಲಿ ಪ್ಲೇ ಬದಲಿಸಬೇಕಾದರೆ ತನ್ನ ತಲೆಯೇ ಗತಿ. ಹದಿನೆಂಟು ವರ್ಷ ಆಡಿದ ರಾಜರ್ಸ್‌ಗೆ ಅದು ನೀರು ಕುಡಿದಷ್ಟು ಸಲೀಸು. ಜೆಟ್ಸ್‌ನ ಆ ವರ್ಷದ ಯೋಜನೆಯನ್ನು ಬರೆದದ್ದೇ ರಾಜರ್ಸ್‌ನ ತಲೆಯ ಅಳತೆಗೆ. ಅಪ್ಪನ ಅಂಗಿಯನ್ನು ಮಗನಿಗೆ ತೊಡಿಸಿ, ತೋಳು ಉದ್ದವಾಯಿತು ಅಂತ ಮಗನನ್ನೇ ಗದರಿಸಿದರೆ ಹೇಗೆ?

ಇನ್ನು ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಐದು ಜನರ ಗೋಡೆ, ಅಂದರೆ ಆಫೆನ್ಸಿವ್ ಲೈನ್. ರಾಜರ್ಸ್ ಬಿದ್ದ ರಾತ್ರಿ ಎಡಗಡೆ ಕಾವಲಿದ್ದ ಡ್ವೇನ್ ಬ್ರೌನ್‌ಗೆ 38 ವರ್ಷ. ಫ್ಲಾಯ್ಡ್ ನುಗ್ಗಿ ಬಂದದ್ದು ಅವನನ್ನು ದಾಟಿಕೊಂಡೇ. ಅಕ್ಟೋಬರ್ 8ರಂದು ಆ ಗೋಡೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ ಅಲೈಜಾ ವೆರಾ-ಟಕರ್‌ಗೂ ಹಿಮ್ಮಡಿ ನರವೇ ಹರಿಯಿತು. ಅಕ್ಟೋಬರ್ 29ರಂದು ಒಂದೇ ಪಂದ್ಯದಲ್ಲಿ ಇಬ್ಬರು ಸೆಂಟರ್‌ಗಳು ಗಾಯಗೊಂಡು ಹೊರನಡೆದರು. ಗೋಡೆ ವಾರ ವಾರ ಬದಲಾಗುತ್ತಿದ್ದರೆ ಒಳಗಿರುವವನ ಕಣ್ಣು ಚೆಂಡಿನ ಮೇಲೆ ಹೇಗೆ ನಿಂತೀತು? ಅದು ಯಾವ ಟಿ.ವಿ. ಚರ್ಚೆಯಲ್ಲೂ ದೊಡ್ಡ ವಿಷಯ ಆಗಲಿಲ್ಲ. ಗೋಡೆಗೆ ಮುಖ ಇರುವುದಿಲ್ಲ, ಬೈಯಲು ಮುಖ ಬೇಕು.

ಇದೇ ವಿಲ್ಸನ್ ಅಕ್ಟೋಬರ್ 1ರಂದು, ಹಿಂದಿನ ಸೀಸನ್ನಿನ ಚಾಂಪಿಯನ್ ಕಾನ್ಸಾಸ್ ಸಿಟಿ ಎದುರು ಎರಡು ಟಚ್‌ಡೌನ್ ಎಸೆದು, 17-0 ಹಿನ್ನಡೆಯಲ್ಲಿದ್ದ ತಂಡವನ್ನು 20-20ಕ್ಕೆ ಎಳೆದು ತಂದ. ಕೊನೆಗೆ ಒಂದು ಚೆಂಡು ಕೈಜಾರಿತು, 23-20ರಿಂದ ಸೋತರು. ಪಂದ್ಯದ ನಂತರ ಈ ಸೋಲು ನನ್ನಿಂದ ಆಯಿತು ಎಂದು ತಾನೇ ಹೇಳಿದ. ಹಿಂದಿನ ವರ್ಷ ‘ಇಲ್ಲ’ ಎಂದಿದ್ದ ಹುಡುಗ ಇವನೇ. ಡಿಸೆಂಬರ್ 10ರಂದು ಹ್ಯೂಸ್ಟನ್ ವಿರುದ್ಧ 301 ಗಜ ಎಸೆದು 30-6ರಿಂದ ಗೆಲ್ಲಿಸಿದ. ಅವನು ಕಲಿಯುತ್ತಿದ್ದ. ಕಲಿಯುವವನಿಗೆ ಕಲಿಯುವ ಜಾಗ ಕೊಟ್ಟಿದ್ದರೆ ಎನ್ನುವುದೇ ಪ್ರಶ್ನೆ. ರಾಜರ್ಸ್ ಕೂಡ 2005ರಿಂದ ಮೂರು ವರ್ಷ ಬ್ರೆಟ್ ಫಾವ್ರ್‌ನ ಹಿಂದೆ ಬೆಂಚಿನಲ್ಲಿ ಕೂತು ಕಲಿತವನು. ವಿಲ್ಸನ್‌ನನ್ನು 2021ರಲ್ಲಿ ಮೊದಲ ದಿನವೇ ಕಣಕ್ಕಿಳಿಸಿದರು. ಆಗ ಅವನ ಹಿಂದಿದ್ದ ಬ್ಯಾಕಪ್ ಮೈಕ್ ವೈಟ್ ಲೀಗಿನಲ್ಲಿ ಅದುವರೆಗೆ ಒಂದು ಚೆಂಡನ್ನೂ ಎಸೆದವನಲ್ಲ. ಅವನಿಗೆ ಕಲಿಸಬೇಕಿದ್ದ ಅನುಭವಿ ಕೋಚ್ ಗ್ರೆಗ್ ನ್ಯಾಪ್ ಆ ಜುಲೈನಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದಾಗ ಕಾರು ಬಡಿದು ತೀರಿಕೊಂಡಿದ್ದರು. ಅದು ಯಾರ ತಪ್ಪೂ ಅಲ್ಲ. ಆದರೆ ಅವರ ಜಾಗಕ್ಕೆ ಒಬ್ಬ ಹಳೆಯ ಕ್ವಾರ್ಟರ್‌ಬ್ಯಾಕ್‌ನನ್ನಾದರೂ ತಂದು ಹುಡುಗನ ಪಕ್ಕ ಕೂರಿಸೋಣ ಎಂದು ತಂಡಕ್ಕೆ ಅನ್ನಿಸಿದ್ದು ಅಕ್ಟೋಬರಿನಲ್ಲಿ, ವಿಲ್ಸನ್‌ಗೆ ಪೆಟ್ಟಾದ ಮೇಲೆ. ಆಗ ತಂದದ್ದು ಜೋ ಫ್ಲ್ಯಾಕೊನನ್ನು. ಈ ಹೆಸರು ನೆನಪಿಟ್ಟುಕೊಳ್ಳಿ.

ನವೆಂಬರ್ 19ರಂದು 32-6ರ ಸೋಲಿನ ನಂತರ ವಿಲ್ಸನ್‌ನನ್ನು ಕೂರಿಸಿ ಬಾಯ್ಲ್‌ನನ್ನು ಇಳಿಸಿದರು. ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಬಾಯ್ಲ್ ಎಸೆದದ್ದು ಒಂದು ಟಚ್‌ಡೌನ್, ಎದುರಾಳಿಯ ಕೈಗಿತ್ತದ್ದು 13 ಚೆಂಡು. ಇದು ಗುಟ್ಟಲ್ಲ, ಫೋನಿನಲ್ಲಿ ಹುಡುಕಿದರೆ ಸಿಗುತ್ತದೆ. ನವೆಂಬರ್ 24ರಂದು ಮಯಾಮಿ ವಿರುದ್ಧ ಮೊದಲರ್ಧದ ಕೊನೇ ಪ್ಲೇಯಲ್ಲಿ ಅವನು ದೇವರ ಮೇಲೆ ಭಾರ ಹಾಕಿ ಉದ್ದಕ್ಕೆ ಎಸೆದ ಚೆಂಡನ್ನು ಜೆವೊನ್ ಹಾಲೆಂಡ್ ಹಿಡಿದು 99 ಗಜ ಓಡಿ ಟಚ್‌ಡೌನ್ ಮಾಡಿದ. ಅಮೆರಿಕವಿಡೀ ನಕ್ಕಿತು. 34-13ರ ಸೋಲು. ಮುಂದಿನ ಪಂದ್ಯ ಅಟ್ಲಾಂಟಾ ಎದುರು 13-8ರಿಂದ ಹೋಯಿತು, ಅದಾಗಿ ಎರಡು ದಿನಕ್ಕೆ ಬಾಯ್ಲ್‌ನನ್ನು ತಂಡದಿಂದಲೇ ತೆಗೆದರು. ಕರೆತಂದವರು ಮಾತ್ರ ತಂತಮ್ಮ ಕುರ್ಚಿಯಲ್ಲೇ ಇದ್ದರು.

ಈಗ ಫ್ಲ್ಯಾಕೊ.

2013ರ ಫೆಬ್ರವರಿಯಲ್ಲಿ ಬಾಲ್ಟಿಮೋರ್‌ಗೆ ಸೂಪರ್ ಬೌಲ್ ಗೆದ್ದುಕೊಟ್ಟು, ಆ ಪಂದ್ಯದ ಶ್ರೇಷ್ಠ ಆಟಗಾರ ಎನ್ನಿಸಿಕೊಂಡವನು. 2022ರವರೆಗೂ ಜೆಟ್ಸ್‌ನಲ್ಲೇ ಬ್ಯಾಕಪ್ ಆಗಿದ್ದ. 2022ರ ಸೆಪ್ಟೆಂಬರಿನಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ವಿರುದ್ಧ ಎರಡು ನಿಮಿಷಕ್ಕಿಂತ ಕಡಿಮೆ ಸಮಯ ಉಳಿದಿದ್ದಾಗ ಜೆಟ್ಸ್ 30-17ರಿಂದ ಹಿಂದಿತ್ತು. ಫ್ಲ್ಯಾಕೊ ಎರಡು ಟಚ್‌ಡೌನ್ ಎಸೆದು 31-30ರಿಂದ ಗೆಲ್ಲಿಸಿದ. ಜೆಟ್ಸ್‌ನ ಆಟಗಾರರು ಗೊತ್ತು, ಮೈದಾನ ಗೊತ್ತು, ಹುಟ್ಟಿ ಬೆಳೆದದ್ದೇ ಜೆಟ್ಸ್ ಆಡುವ ನ್ಯೂಜೆರ್ಸಿ ರಾಜ್ಯದಲ್ಲಿ. 2023ರಲ್ಲಿ ಇವನನ್ನು ಜೆಟ್ಸ್ ಮರಳಿ ಕರೆಯಲಿಲ್ಲ. ಸೆಪ್ಟೆಂಬರಿನಲ್ಲಿ ರಾಜರ್ಸ್ ಬಿದ್ದಾಗಲೂ ಕರೆಯಲಿಲ್ಲ. ಅಕ್ಟೋಬರ್ ಪೂರ್ತಿ ಮನೆಯಲ್ಲಿ ಕುಳಿತಿದ್ದ. ಒಂದು ಫೋನ್ ಕರೆಯಷ್ಟು ದೂರ.

ಕರೆದವರು ಯಾರು ಗೊತ್ತೇ? ಅದೇ ಕ್ಲೀವ್‌ಲ್ಯಾಂಡ್, ಅವನಿಂದ ಹೊಡೆತ ತಿಂದವರು. ಅವರೇನೂ ಸಂತರಲ್ಲ. ಆಗಸ್ಟಿನಲ್ಲಿ ತಮ್ಮ ಅನುಭವಿ ಬ್ಯಾಕಪ್ ಜಾಶುವಾ ಡಾಬ್ಸ್‌ನನ್ನು ಬೇರೆ ತಂಡಕ್ಕೆ ದಾಟಿಸಿ, ಅಕ್ಟೋಬರ್ 1ರಂದು ಹೊಸ ಹುಡುಗನೊಬ್ಬನನ್ನು ಬಾಲ್ಟಿಮೋರ್ ಎದುರು ಇಳಿಸಿ 28-3ರಿಂದ ಒದೆ ತಿಂದಿದ್ದರು. ಆದರೆ ಅವರು ಪಾಠ ಕಲಿತರು. ನವೆಂಬರಿನಲ್ಲಿ ಅವರ ಮುಖ್ಯ ಕ್ವಾರ್ಟರ್‌ಬ್ಯಾಕ್‌ನ ಭುಜ ಹೋದ ಕೂಡಲೇ 38 ವರ್ಷದ ಫ್ಲ್ಯಾಕೊಗೆ ಫೋನ್ ಹೋಯಿತು. ಐದು ಪಂದ್ಯ ಆಡಿದ, ನಾಲ್ಕು ಗೆದ್ದ. ಬ್ರೌನ್ಸ್‌ಗೆ ಪ್ಲೇಆಫ್ ಜಾಗ ಖಾತ್ರಿಯಾದದ್ದು ಡಿಸೆಂಬರ್ 28ರ ರಾತ್ರಿ, 37-20ರ ಗೆಲುವಿನಿಂದ. ಎದುರಾಳಿ: ನ್ಯೂಯಾರ್ಕ್ ಜೆಟ್ಸ್.

ಪ್ಲೇಆಫ್‌ನಲ್ಲಿ ಫ್ಲ್ಯಾಕೊ ಎರಡು ಚೆಂಡು ಎದುರಾಳಿಗೆ ಕೊಟ್ಟು, ಎರಡೂ ಟಚ್‌ಡೌನ್ ಆಗಿ, 45-14ರಿಂದ ಹ್ಯೂಸ್ಟನ್ ಎದುರು ಸೋತದ್ದೂ ನಿಜ. ಬ್ಯಾಕಪ್ ಅಂದರೆ ಪವಾಡಪುರುಷ ಎಂದು ನಾನು ವಾದಿಸುತ್ತಿಲ್ಲ. ಒಳ್ಳೆಯ ಸ್ಟೆಪ್ನಿಯೂ ಊರು ಮುಟ್ಟಿಸುವವರೆಗೆ ಮಾತ್ರ.

‘ಎರಡೆರಡು ಸ್ಟಾರ್‌ಗಳನ್ನು ಇಟ್ಟುಕೊಳ್ಳಲು ಯಾವ ತಂಡಕ್ಕೂ ಆಗುವುದಿಲ್ಲ, ಸಂಬಳಕ್ಕೆ ಮಿತಿ ಇದೆ’ ಎನ್ನುತ್ತಾರೆ. 2023ರಲ್ಲಿ ಆ ಮಿತಿ ತಂಡಕ್ಕೆ ಸುಮಾರು 22.5 ಕೋಟಿ ಡಾಲರ್ ಇತ್ತು, ನಿಜ. ಆದರೆ ಕೇಳುತ್ತಿರುವುದು ಎರಡನೇ ಸ್ಟಾರ್‌ನನ್ನಲ್ಲ, ಕೆಲಸ ಗೊತ್ತಿರುವ ಒಬ್ಬನನ್ನು. ಫಿಲಡೆಲ್ಫಿಯಾ ಈಗಲ್ಸ್ 2017ರ ಮಾರ್ಚಿನಲ್ಲಿ ನಿಕ್ ಫೋಲ್ಸ್‌ಗೆ ಎರಡು ವರ್ಷಕ್ಕೆ 1.1 ಕೋಟಿ ಡಾಲರ್ ಕೊಟ್ಟು ಬೆಂಚಿನಲ್ಲಿ ಕೂರಿಸಿತು. ಬೆಂಚು ಬಿಸಿ ಮಾಡುವವನಿಗೆ ಇಷ್ಟು ದುಡ್ಡೇ ಎಂದು ಆಗ ಮೂಗು ಮುರಿಯುವವರು ಮುರಿಯಬಹುದಿತ್ತು. ಡಿಸೆಂಬರ್ 10ರಂದು ಮುಖ್ಯ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್‌ನ ಮಂಡಿ ಹೋಯಿತು. 2018ರ ಫೆಬ್ರವರಿ 4ರಂದು ಫೋಲ್ಸ್ 373 ಗಜ ಎಸೆದು ನ್ಯೂ ಇಂಗ್ಲೆಂಡ್‌ನ್ನು 41-33ರಿಂದ ಸೋಲಿಸಿದ. ಈಗಲ್ಸ್‌ಗೆ ಅದು ಮೊದಲ ಸೂಪರ್ ಬೌಲ್.

ಇದರಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿ ಒಂದಿದೆ. ಆ ತಂಡದ ಕೋಚ್ ಡಗ್ ಪೀಡರ್ಸನ್ ತಮ್ಮ ಆಟದ ದಿನಗಳ ಬಹುಪಾಲನ್ನು ಬ್ರೆಟ್ ಫಾವ್ರ್‌ನ ಹಿಂದೆ ಬ್ಯಾಕಪ್ ಆಗಿ ಕಳೆದವರು. ಆಕ್ರಮಣದ ಉಸ್ತುವಾರಿ ಫ್ರ್ಯಾಂಕ್ ರೈಕ್ ಕೂಡ ಬಫಲೊದಲ್ಲಿ ಬ್ಯಾಕಪ್ ಆಗಿದ್ದವರು. 1993ರ ಜನವರಿಯಲ್ಲಿ 32 ಪಾಯಿಂಟ್ ಹಿಂದಿದ್ದ ತಂಡವನ್ನು 41-38ರಿಂದ ಗೆಲ್ಲಿಸಿದ್ದವರು. ಬೆಂಚಿನ ಮೇಲೆ ಕೂತವನಿಗೆ ಏನು ಬೇಕು ಅನ್ನುವುದು ಅವರಿಬ್ಬರಿಗೂ ಗೊತ್ತಿತ್ತು. ವೆಂಟ್ಜ್‌ಗಾಗಿ ಬರೆದ ಪುಸ್ತಕವನ್ನು ಪಕ್ಕಕ್ಕಿಟ್ಟು, ಫೋಲ್ಸ್‌ಗೆ ಯಾವ ಪ್ಲೇ ಇಷ್ಟವೋ ಅದನ್ನು ಹೆಕ್ಕಿ ಯೋಜನೆ ಮಾಡಿದರು. ಅಂಗಿಯನ್ನು ಅವನ ಅಳತೆಗೆ ಹೊಲಿಸಿದರು.

‘ಗಾಯ ದೈವೇಚ್ಛೆ, ಅದಕ್ಕೆ ಯಾರೇನು ಮಾಡಲಾದೀತು’ ಅನ್ನುವವರೂ ಇದ್ದಾರೆ. ಕೆಲವು ಸಲ ಹೌದು. 2023ರ ಜನವರಿ 29ರಂದು ಸ್ಯಾನ್ ಫ್ರಾನ್ಸಿಸ್ಕೊ ತಂಡ ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲ ದೂರದಲ್ಲಿ ನಿಂತಿದ್ದಾಗ ಬ್ರಾಕ್ ಪರ್ಡಿಯ ಮೊಣಕೈ ಹೋಯಿತು, ಬದಲಿಗೆ ಬಂದ ಜಾಶ್ ಜಾನ್ಸನ್ ತಲೆಗೆ ಪೆಟ್ಟಾಗಿ ಹೊರಹೋದ. ಚೆಂಡು ಎಸೆಯಲಾಗದ ಪರ್ಡಿಯನ್ನೇ ಮತ್ತೆ ಕರೆತಂದು ನಿಲ್ಲಿಸಬೇಕಾಯಿತು. 31-7ರ ಸೋಲು. ಅಲ್ಲಿ ಯಾರನ್ನು ಬೈಯುವುದು? ಹಾಗಂದುಕೊಂಡೇ ನಾನೂ ಓದುತ್ತಾ ಹೋದೆ. ನೋಡಿದರೆ ಪಂದ್ಯದ ದಿನ ಮೂರನೇ ಕ್ವಾರ್ಟರ್‌ಬ್ಯಾಕ್‌ನನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಲು 2010ರವರೆಗೆ ನಿಯಮವೇ ಇತ್ತು. ಅದನ್ನು ತೆಗೆದುಹಾಕಿದ್ದರು. ಈ ಪಂದ್ಯದ ಮಾನ ಹೋದ ಮೇಲೆ, ಅದೇ ವರ್ಷ ಮೇ ತಿಂಗಳಲ್ಲಿ, ಮಾಲೀಕರೆಲ್ಲ ಸೇರಿ ಆ ನಿಯಮವನ್ನು ಮರಳಿ ತಂದರು. ದೈವೇಚ್ಛೆ ಎಂದದ್ದರಲ್ಲಿ ಅರ್ಧ ಭಾಗ ಮೀಟಿಂಗ್ ಹಾಲಿನ ತೀರ್ಮಾನವಾಗಿತ್ತು.

ಮೇಲಿನವರು ದಂಡ ತೆತ್ತ ಉದಾಹರಣೆಯೂ ಇದೆ. ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ಪೇಟನ್ ಮ್ಯಾನಿಂಗ್ 208 ಲೀಗ್ ಪಂದ್ಯಗಳನ್ನು ಒಂದನ್ನೂ ತಪ್ಪಿಸದೆ ಆಡಿದವನು. ಹಾಗಾಗಿ ಬ್ಯಾಕಪ್ ಎಂಬ ಮಾತನ್ನೇ ಅಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 2011ರಲ್ಲಿ ಅವನ ಕುತ್ತಿಗೆಗೆ ಶಸ್ತ್ರಚಿಕಿತ್ಸೆಯಾಯಿತು. ಆಟ ಬಿಟ್ಟೆ ಎಂದು ಜುಲೈನಲ್ಲಿ ಘೋಷಿಸಿದ್ದ ಕೆರಿ ಕಾಲಿನ್ಸ್‌ನನ್ನು ಆಗಸ್ಟ್ ಕೊನೆಯಲ್ಲಿ ಮನೆಯಿಂದ ಕರೆತಂದು ಎರಡು ಮೂರು ವಾರದಲ್ಲಿ ಮೈದಾನಕ್ಕೆ ಬಿಟ್ಟರು. ಮೊದಲ ಪಂದ್ಯವೇ 34-7ರ ಸೋಲು. ಸತತ 13 ಸೋಲು ಕಂಡು, 16ರಲ್ಲಿ ಎರಡು ಗೆದ್ದರು. ಆದರೆ ಅಲ್ಲಿ ಮಾಲೀಕ, ತಂಡ ಕಟ್ಟಿದ ಬಿಲ್ ಪೋಲಿಯನ್ ಮತ್ತು ಅವರ ಮಗನನ್ನು ಸೀಸನ್ ಮುಗಿದ ಮರುದಿನವೇ ಕೆಲಸದಿಂದ ತೆಗೆದ. ಕೋಚ್ ಕೂಡ ಅದೇ ತಿಂಗಳು ಹೋದರು. ಸರಿಯೋ ತಪ್ಪೋ, ಲೆಕ್ಕ ಕೇಳಬೇಕಾದ ಬಾಗಿಲಲ್ಲೇ ಕೇಳಿದರು.

ಜೆಟ್ಸ್‌ನಲ್ಲಿ ಹಾಗಾಗಲಿಲ್ಲ. 17 ಪಂದ್ಯದಲ್ಲಿ 7 ಗೆಲುವು, 10 ಸೋಲು. ಇಡೀ ವರ್ಷ ಗಳಿಸಿದ್ದು 268 ಪಾಯಿಂಟ್. ಡಗ್ಲಸ್, ಸಾಲೆಹ್, ಹ್ಯಾಕೆಟ್ ಮೂವರೂ ಉಳಿದರು. 2024ರ ಫೆಬ್ರವರಿಯಲ್ಲಿ ಮಾಲೀಕ ವುಡಿ ಜಾನ್ಸನ್ ಪತ್ರಕರ್ತರ ಮುಂದೆ ನಿಂತು, ನಮಗೊಬ್ಬ ಬ್ಯಾಕಪ್ ಕ್ವಾರ್ಟರ್‌ಬ್ಯಾಕ್ ಬೇಕು, ಹೋದ ವರ್ಷ ನಮ್ಮಲ್ಲಿ ಇರಲಿಲ್ಲ ಎಂದುಬಿಟ್ಟರು. 12 ಪಂದ್ಯ ಆಡಿ, ಹೊಡೆತ ತಿಂದು, ತಲೆಗೆ ಪೆಟ್ಟು ಮಾಡಿಕೊಂಡು ಸೀಸನ್ ಮುಗಿಸಿದ ಹುಡುಗ ಆಗ ಇನ್ನೂ ಅವರದೇ ಸಂಬಳದ ಪಟ್ಟಿಯಲ್ಲಿದ್ದ. ಸ್ವಾಮಿ, ಇರಲಿಲ್ಲ ಅಂದರೆ ಇಡಬೇಕಾದವರು ಯಾರು? ಅಂಗಡಿಯಲ್ಲಿ ಅಕ್ಕಿ ಇರಲಿಲ್ಲ ಎಂದು ಅಂಗಡಿಯ ಯಜಮಾನನೇ ಬೀದಿಯಲ್ಲಿ ನಿಂತು ದೂರಿದ ಹಾಗಾಯಿತು.

ನಾನು ಜಿಲ್ಲಾ ಮಟ್ಟದ ಸ್ಟ್ರಿಂಗರ್. ಸಾಲಿಗಿಷ್ಟು ಎಂದು ದುಡ್ಡು, ಅದೂ ಬಂದಾಗ ಬಂತು. ಕಾಯಂ ವರದಿಗಾರ ರಜೆ ಹಾಕಿದ ದಿನ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಬರುತ್ತದೆ: ಹತ್ತಕ್ಕೆ ಸಭೆ, ಹೋಗಿ ಬರೆದು ಕಳಿಸಿ. ಹಿಂದಿನ ಮೂರು ಸಭೆಯ ಕಡತ ಯಾರ ಹತ್ತಿರ ಇದೆ ಎಂದು ಕೇಳಿದರೆ ಉತ್ತರ ಇಲ್ಲ. ಒಮ್ಮೆ ನಾನು ಸರಿಯಾಗಿಯೇ ಕಳಿಸಿದ ಅಂಕಿಯನ್ನು ಡೆಸ್ಕಿನಲ್ಲಿ ತಪ್ಪಾಗಿ ಹಾಕಿ, ಮರುದಿನ ಹಳ್ಳಿಯ ಹುಡುಗರಿಗೆ ಕೆಲಸ ಬರುವುದಿಲ್ಲ ಎಂದು ನನಗೇ ಅಂದರು. ಹೆಸರು ಬೇಡ. ನಮ್ಮಲ್ಲಿ ಇಂಥದ್ದು ಅನುಭವಿಸದ ಬದಲಿ ಡ್ರೈವರ್, ಅತಿಥಿ ಶಿಕ್ಷಕಿ, ಗುತ್ತಿಗೆ ಲೈನ್‌ಮನ್ ಯಾರಿದ್ದಾರೆ? ಅದಕ್ಕೇ ಈ ಪರದೇಶದ ಆಟದ ಕತೆ ನನಗೆ ಅಷ್ಟೊಂದು ಪರದೇಶದ್ದಾಗಿ ಕಾಣಲಿಲ್ಲ.

2024ರ ಮಾರ್ಚಿನಲ್ಲಿ ಜೆಟ್ಸ್ ಟೈರಾಡ್ ಟೇಲರ್ ಎಂಬ ಅನುಭವಿ ಬ್ಯಾಕಪ್‌ನನ್ನು ತಂದಿತು. ಹಿಂದಿನ ಮಾರ್ಚಿನಲ್ಲಿ ಸಾಧ್ಯವಾಗದ್ದು ಈ ಮಾರ್ಚಿನಲ್ಲಿ ಸಾಧ್ಯವಾಯಿತು. ಏಪ್ರಿಲಿನಲ್ಲಿ ವಿಲ್ಸನ್‌ನನ್ನು ಡೆನ್ವರ್‌ಗೆ ದಾಟಿಸಿದರು. ರಾಜರ್ಸ್ ಗುಣವಾಗಿ ಬಂದ. ಈಗ ನೋಡಿ ಎಂದು ಎಲ್ಲರೂ ತೋಳೇರಿಸಿದರು. ಹಾಳಾದ ಬ್ಯಾಕಪ್‌ಗಳ ಕಾಟ ಇಲ್ಲ, ಗಾಯ ಇಲ್ಲ, ಸ್ಟಾರ್ ಒಬ್ಬನೇ 17ಕ್ಕೆ 17 ಪಂದ್ಯವನ್ನೂ ಆಡಿದ.

ಗೆದ್ದದ್ದು ಐದು. ವಿಲ್ಸನ್, ಬಾಯ್ಲ್, ಸಿಮಿಯನ್ ಎಂಬ ಮೂವರು ಬ್ಯಾಕಪ್‌ಗಳು ಸೇರಿ ಹಾಳುಮಾಡಿದರು ಎನ್ನಲಾದ ವರ್ಷಕ್ಕಿಂತ ಎರಡು ಕಡಿಮೆ. ಐದು ಪಂದ್ಯ ಆಗುವಷ್ಟರಲ್ಲಿ ಸಾಲೆಹ್‌ನನ್ನು ತೆಗೆದರು, ನವೆಂಬರಿನಲ್ಲಿ ಡಗ್ಲಸ್‌ನನ್ನು ತೆಗೆದರು. ಮಾಲೀಕರನ್ನು ಮಾತ್ರ ಯಾರೂ ತೆಗೆಯಲಿಲ್ಲ.